ಗದ್ದದ ಕೆಳಗಿನ ಗೆರೆ

ಕ್ಷೌರದ ಕುರ್ಚಿಯಲ್ಲಿ ಕುಳಿತವನು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾರ. ಕತ್ತಿ ಕುತ್ತಿಗೆಯ ಬಳಿಯೇ ಇರುತ್ತದೆ ನೋಡಿ. ಪೆರ್ಲ ಪೇಟೆಯ ಹೊಸ ಸೆಲೂನಿನವನು ನನ್ನ ಗದ್ದ ಎತ್ತಿದಾಗಲೆಲ್ಲ ಅಲ್ಲಿರುವ ಹಳೆ ಗಾಯದ ಬಿಳಿ ಗೆರೆಯ ವಿಚಾರ ಕೇಳುತ್ತಾನೆ. ಸೈಕಲಿನಿಂದ ಬಿದ್ದದ್ದು ಎನ್ನುತ್ತೇನೆ. ನನಗೆ ಸೈಕಲ್ ತುಳಿಯಲು ಇಂದಿಗೂ ಬರುವುದಿಲ್ಲ.

ಇದೇ ಪೇಟೆಯಲ್ಲಿ ನನ್ನ ಅಣ್ಣನ ಸೆಲೂನಿತ್ತು. ಮೊಬೈಲು ಆಗಷ್ಟೇ ಜನರ ಕಿಸೆ ಸೇರುತ್ತಿದ್ದ ಕಾಲ. ಪೌಡರಿನ ಪರಿಮಳ, ರೇಡಿಯೋದ ಗೊರಗೊರ, ಪುತ್ತೂರು ಬಸ್ಸು ಹಿಡಿಯುವವರ ಅವಸರ, ಇವೆಲ್ಲದರ ನಡುವೆ ಅಣ್ಣನ ಕತ್ತರಿ ಕೂದಲಿಲ್ಲದ ಕಡೆಯೂ ಗಾಳಿಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಪಕ್ಕದಲ್ಲಿ ಬಾಳೆಹಣ್ಣು ಮಾರುತ್ತಿದ್ದೆ.

ಅಣ್ಣ ಕುಡಿಯುತ್ತಿದ್ದ. ಬೆಳಿಗ್ಗೆ ಅವನ ಕೈ ನಡುಗುತ್ತಿತ್ತು. ಕಪಾಟಿನ ಹಿಂದಿನ ಬಾಟಲಿಯಿಂದ ಒಂದಿಷ್ಟು ಹೊಟ್ಟೆಗೆ ಹೋದರೆ ನಿಲ್ಲುತ್ತಿತ್ತು. ನಿಂತಿತೋ ಇಲ್ಲವೋ ನೋಡಲು ದಿನದ ಮೊದಲ ಗಡ್ಡ ನನ್ನದು. "ಹೆದರಬೇಡ ಮಾರಾಯ, ನಿನ್ನ ಮುಖ ಉಂಟಲ್ಲ, ಅದು ನನ್ನ ಪರೀಕ್ಷೆಯ ಪೇಪರು," ಎನ್ನುತ್ತಿದ್ದ. ಅಣ್ಣನನ್ನು ಪಾಸು ಮಾಡುವ ಅಧಿಕಾರಕ್ಕೆ ನಾನೂ ಹಿಗ್ಗಿದೆ. ದಿನಾ ಅಷ್ಟು ನುಣ್ಣಗಿನ ಮುಖದಲ್ಲಿ ಬಾಳೆಹಣ್ಣು ಮಾರಿದವರು ಪೇಟೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಒಂದು ದಿನ ಕತ್ತಿ ಜಾರಿತು. ನನ್ನ ರಕ್ತ ಒರೆಸುತ್ತ ಅಣ್ಣ ಅತ್ತುಬಿಟ್ಟ. ಅಂದೇ ಬಾಟಲಿ ಅಡಗಿಸಿಟ್ಟೆ. ಮರುದಿನ ಅವನು ಮೈಯೆಲ್ಲ ಬೆವತು, ಇಲ್ಲದ ಗಿರಾಕಿಯೊಡನೆ ಮಾತಾಡತೊಡಗಿದ. ಆಸ್ಪತ್ರೆಗೆ ಹೋದರೆ ಸುದ್ದಿ ಹಬ್ಬಿ ಅವನ ಕತ್ತಿಗೆ ಯಾರೂ ಗದ್ದ ಕೊಡಲಾರರೆಂದು ಹೆದರಿ, ನಾನೇ ಗ್ಲಾಸಿಗೆ ಸುರಿದೆ. ಕೈಯ ನಡುಕ ನಿಂತಿತು. ಆಮೇಲೆ ಪ್ರತಿ ಬೆಳಿಗ್ಗೆ ಸುರಿದವನೂ ನಾನೇ.

ಅಣ್ಣನ ಕಣ್ಣು ಹಳದಿಯಾಗಿ ಹೊಟ್ಟೆ ಊದಿದ ಮೇಲಷ್ಟೇ ಡಾಕ್ಟರಲ್ಲಿಗೆ ಕರೆದೊಯ್ದೆ. "ಕುಡಿದ ಮೇಲೆ ಕೈಯ ನಡುಕ ನಿಲ್ಲುವುದುಂಟಲ್ಲ, ಅದೇ ರೋಗದ ಗುರುತು," ಎಂದರು ಅವರು. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಂತೆ. ನಡುಕ ಕಂಡಾಗಲೇ ಬಂದಿದ್ದರೆ ಮದ್ದು ಕೊಟ್ಟು ಬಿಡಿಸಬಹುದಿತ್ತಂತೆ. ಪ್ರತಿದಿನ ನಾನು ಪಾಸು ಮಾಡಿದ್ದು ರೋಗವನ್ನು. ಅಣ್ಣ ಆ ಮಳೆಗಾಲ ದಾಟಲಿಲ್ಲ.

ಮೊನ್ನೆ ಸೆಲೂನಿನವನು ಮತ್ತೆ ನನ್ನ ಗದ್ದ ಎತ್ತಿದ. "ಎಂತ ಅಣ್ಣ, ಸೈಕಲಿಂದ ಎಷ್ಟು ಸಲ ಬಿದ್ದಿದ್ದೀರಿ?" ಎಂದು ನಕ್ಕ.

"ಸೈಕಲ್ ಅಲ್ಲ. ಕುಡಿದು ಕುಡಿದು ನನ್ನ ಅಣ್ಣನ ಕೈ ನಡುಗುತ್ತಿತ್ತು. ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡವ ನಾನು."

ಅವನು ಕತ್ತಿ ಕೆಳಗಿಟ್ಟ. ತನ್ನ ಭಾವನಿಗೂ ಬೆಳಿಗ್ಗೆ ಹಾಗೆಯೇ ಆಗುತ್ತದೆ, ಒಂದು ಗುಟುಕು ಹೋದರೆ ಸರಿಯಾಗುತ್ತದೆ ಎಂದ, ಮೆಲ್ಲಗೆ.

ಅರ್ಧ ಮುಖದಲ್ಲಿ ನೊರೆ ಇರುವಂತೆಯೇ ಎದ್ದು ನಿಂತು, ಭಾವನ ಮನೆ ಎಲ್ಲಿ ಎಂದು ಕೇಳಿದೆ.