ಖಾಲಿ ಕುರ್ಚಿಯ ಮುಂದಿನ ಬಬಲ್ ಟೀ

ಗೆಳೆಯರೇ, ಇವತ್ತು ಮಧ್ಯಾಹ್ನ ಚಳ್ಳಕೆರೆಯ ಥಾಯ್ ಹೋಟೆಲಿನಲ್ಲಿ ನಮ್ಮತ್ತೆ ಬಬಲ್ ಟೀಗೆ ಕೈಮುಗಿದರು.

ನನ್ನ ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅಲ್ಲಿಯವರೆಗೆ ಹೊಸದೇನು ತಿಂದರೂ ಮೊದಲು ಅವರಿಗೆ ಎಡೆ ಇಡಬೇಕೆಂಬುದು ಮೊಳಕಾಲ್ಮುರಿನ ಅತ್ತೆಯ ಕಟ್ಟಳೆ. ಹಾಗಾಗಿ ಖಾಲಿ ಕುರ್ಚಿಯ ಮುಂದೆ ಒಂದು ತಟ್ಟೆ ನೂಡಲ್ಸ್, ತಳದಲ್ಲಿ ಕರೀ ಸಬ್ಬಕ್ಕಿ ಕುಳಿತ ಒಂದು ಲೋಟ ಟೀ ಇಡಿಸಿದರು. ನಮ್ಮಿಬ್ಬರನ್ನೂ ಅಲ್ಲಿಗೆ ಕರೆತಂದಿದ್ದ ನನ್ನ ಮಗಳು ನಾಚಿ ಮೊಬೈಲಿನಲ್ಲಿ ಮುಖ ಹುದುಗಿಸಿದಳು.

ಬಡಿಸುವವನು ಬಂದ. “ಅಜ್ಜಿ, ಅವ್ರು ಯಾವಾಗ ಬರ್ತಾರ್ರಿ? ಐಸ್ ಕರಗ್ತೈತೆ. ಪಕ್ಕದೋರು ಕುರ್ಚಿ ಕೇಳ್ತಾವ್ರೆ.”

“ನನ್ನ ಮಗ ಬಂದು ಕುಂತವ್ನೆ ಕಣಪ್ಪ. ಸತ್ತೋರು ನಾವು ನೋಡ್ತಾ ನಿಂತ್ರೆ ಉಣ್ಣಲ್ಲ. ನೀನು ಆ ಕಡೆ ತಿರುಗು.”

ಅವನು ಕುರ್ಚಿ ನೋಡಿದ, ನನ್ನನ್ನು ನೋಡಿದ. “ಹೌದೇನಕ್ಕ?” ಅಂದ.

ಇಲ್ಲ ಅಂದಿದ್ದರೆ ಕುರ್ಚಿ ಎತ್ತಿಕೊಂಡು ಹೋಗುತ್ತಿದ್ದ. “ಹೂಂ ಕಣಪ್ಪ, ತಿರುಗು” ಅಂದೆ.

ಅವನು ಬೆನ್ನು ತಿರುಗಿಸಿ ನಿಂತ. ಕುರ್ಚಿ ಕೇಳಿದ್ದ ಮೇಜಿನವರೂ ಊಟ ಬಿಟ್ಟು ಗೋಡೆ ನೋಡುತ್ತ ಕುಳಿತರು.

ಬದುಕಿದ್ದಾಗ ಎಷ್ಟು ಕರೆದರೂ “ಮನೇಲಿ ಸಾರೈತಲ್ಲ” ಎಂದು ನನ್ನೊಡನೆ ಒಂದು ಹೋಟೆಲಿಗೂ ಬಾರದ ಮನುಷ್ಯ. ಇವತ್ತು ಮಾತ್ರ ಒಲ್ಲೆ ಅನ್ನಲಿಲ್ಲ.