ಪರಮಪ್ರಸಾದ ಬಿಟ್ಟ ಭಾನುವಾರಗಳು

ಸುಳ್ಳು ಹೇಳುವುದನ್ನು ನಾನು ಸರಿಯಾಗಿ ಕಲಿತದ್ದು ಚರ್ಚಿನ ಅಂಗಳದಲ್ಲಿ. ಪರಮಪ್ರಸಾದ ತೆಗೆದುಕೊಳ್ಳುವ ಒಂದು ಗಂಟೆ ಮೊದಲಿನಿಂದ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು ಅಂತ ನಮ್ಮಲ್ಲಿ ನಿಯಮ. ಆ ನಿಯಮ ನನಗೆ ಒಳ್ಳೇ ಅನುಕೂಲ ಮಾಡಿಕೊಟ್ಟಿತು. ಪೂಜೆಯಲ್ಲಿ ಆ ಪ್ರಸಾದಕ್ಕೆ ಎಲ್ಲರೂ ಸಾಲು ಹಿಡಿದು ಮುಂದೆ ಹೋಗುವಾಗ ನಾನು ಬೆಂಚಿನಲ್ಲೇ ಕೂತಿರುತ್ತಿದ್ದೆ. ಹೊರಗೆ ಬಂದಮೇಲೆ ಯಾರಾದರೂ ಕೇಳಿದರೆ ಬರುವ ಮುಂಚೆ ಕಾಫಿ ಕುಡಿದುಬಿಟ್ಟೆ ಅನ್ನುತ್ತಿದ್ದೆ. ಎನ್.ಆರ್.ಪುರದಲ್ಲಿ ನಮ್ಮದು ದೊಡ್ಡ ಚರ್ಚೇನಲ್ಲ, ಯಾರು ಎದ್ದರು ಯಾರು ಏಳಲಿಲ್ಲ ಅಂತ ಎಲ್ಲರಿಗೂ ಕಾಣುತ್ತದೆ. ಎರಡು ಮೂರು ತಿಂಗಳಾದ ಮೇಲೆ ನನ್ನ ಪಕ್ಕ ಕೂರುವ ಹೆಂಗಸು, ಎಂತ ಮಾರಾಯ್ತಿ, ನಿಮ್ಮ ಮನೆಯಲ್ಲಿ ಭಾನುವಾರ ಮಾತ್ರ ಕಾಫಿ ಮಾಡುವುದಾ ಅಂತ ಕೇಳಿದಳು. ನಕ್ಕೆ. ಒಳಗೆ ಮಾತ್ರ ಮೈಯೆಲ್ಲ ಉರಿಯಿತು.

ಕಾರಣ ನನ್ನ ತಂಗಿ. ಅವಳನ್ನು ಕೊಪ್ಪಕ್ಕೆ ಕೊಟ್ಟಿದ್ದು. ಅಪ್ಪ ಹೋದಮೇಲೆ ಅಮ್ಮ ಅವಳ ಮನೆಯಲ್ಲೇ ಇದ್ದಳು. ನಾನು ಇಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟವಳು. ಶಾಲೆ ಶುರುವಾಗುವ ಹೊತ್ತಿನಲ್ಲಿ, ಯೂನಿಫಾರಂ ಹೊಲಿಯುತ್ತಾ ನನಗೆ ತಲೆ ಎತ್ತಲಿಕ್ಕೆ ಪುರುಸೊತ್ತಿಲ್ಲದ ದಿನಗಳಲ್ಲಿ, ಒಂದು ಬೆಳಿಗ್ಗೆ ತಂಗಿ ಫೋನ್ ಮಾಡಿ ಅಮ್ಮ ಹೋದಳು ಅಂದಳು. ಅಮ್ಮ ಹಾಸಿಗೆ ಹಿಡಿದದ್ದೇ ನನಗೆ ಗೊತ್ತಿರಲಿಲ್ಲ.

ಏಳನೇ ದಿನದ ಪೂಜೆ ಮುಗಿಸಿ ತಂಗಿಯ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಮನೆಯ ಅಜ್ಜಿ, ಪಾಪ, ಸಮಾಧಾನ ಹೇಳಲಿಕ್ಕೆಂದೇ ನನ್ನ ಹತ್ತಿರ ಬಂದು ಕೂತರು. ಕೊನೆಯ ಮೂರು ದಿನವೂ ನಿಮ್ಮಮ್ಮ, ದೊಡ್ಡವಳು ಬಂದಳಾ, ದೊಡ್ಡವಳು ಬಂದಳಾ ಅಂತ ಕೇಳುತ್ತಲೇ ಇದ್ದರು ಅಂದರು. ಅನ್ನ ಕಲಸುತ್ತಿದ್ದ ಕೈ ಅಲ್ಲೇ ನಿಂತಿತು. ತಂಗಿಯ ಕಡೆ ತಿರುಗಿ ಹೌದಾ ಅಂತ ಕೇಳಿದೆ. ನಿನಗೆ ಕೆಲಸ ಜಾಸ್ತಿ ಇತ್ತಲ್ಲ ಅಕ್ಕ, ಅಮ್ಮ ಸುಧಾರಿಸಿಕೊಳ್ಳುತ್ತಾಳೆ ಅಂದುಕೊಂಡೆ ಅಂದಳು. ಫೋನು ಅಲ್ಲೇ, ಅವಳ ಬೆನ್ನ ಹಿಂದೆ ಸ್ಟೂಲಿನ ಮೇಲಿತ್ತು. ನನ್ನ ಬಾಯಿ ಮೊದಲೇ ಒಳ್ಳೆಯದಲ್ಲ. ಅವತ್ತು ಅದಕ್ಕೆ ಲಗಾಮೇ ಇರಲಿಲ್ಲ. ನೆಂಟರು, ಫಾದರ್, ಎಲ್ಲರ ಎದುರಿಗೆ, ಇವತ್ತಿಂದ ನಿನಗೆ ಅಕ್ಕ ಇಲ್ಲ ಅಂತ ಹೇಳಿ ಅರ್ಧ ಊಟದಿಂದ ಎದ್ದು ಬಂದೆ.

ಸಂಜೆ ಜಪಸರ ಹೇಳಿಸುವವಳು ನಮ್ಮ ಮನೆಯಲ್ಲಿ ನಾನೇ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಹತ್ತು ಮಣಿಗೊಮ್ಮೆ ಬರುತ್ತದೆ. ಅದರಲ್ಲಿ ನಮಗೆ ಕೆಟ್ಟದ್ದು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎಂಬ ಮಾತು ಬರುವಾಗ ನನಗೆ ಕೆಮ್ಮು ಬರುತ್ತಿತ್ತು. ಗಂಡ ಒಬ್ಬರೇ ಆ ಸಾಲು ಹೇಳಿ ಮುಗಿಸುತ್ತಿದ್ದರು. ಕೆಲವು ದಿನ ದೇವರ ಹತ್ತಿರವೇ ಜಗಳಕ್ಕೆ ನಿಲ್ಲುತ್ತಿದ್ದೆ. ಅಷ್ಟು ಚಿಕ್ಕ ಪ್ರಾರ್ಥನೆಯಲ್ಲಿ ಅನ್ನ ಕೇಳಿದ್ದು ಸಾಕಾಗಿತ್ತಲ್ಲ, ಇದನ್ನು ಯಾಕೆ ತಂದು ಸೇರಿಸಿದೆ ಅಂತ. ಹೇಳದೆ ಮುಂದೆ ಹೋಗಲಿಕ್ಕಿಲ್ಲ, ಹೇಳಿದರೆ ಸುಳ್ಳು. ಹಗೆ ಇಟ್ಟುಕೊಂಡು ಪರಮಪ್ರಸಾದ ತೆಗೆದುಕೊಂಡರೆ ದೇವರ ಎದುರು ಸುಳ್ಳು ಹೇಳಿದ ಹಾಗೆ ಅಂತ ಅದನ್ನು ಬಿಟ್ಟವಳು, ಅದನ್ನು ಮುಚ್ಚಲಿಕ್ಕೆ ಜನರ ಎದುರು ವಾರವಾರ ಸುಳ್ಳು ಹೇಳುತ್ತಿದ್ದೆ.

ಈಸ್ಟರ್ ಹತ್ತಿರ ಬಂದಾಗ ಗಂಡನ ಒತ್ತಾಯಕ್ಕೆ ಪಾಪನಿವೇದನೆಗೆ ಹೋದೆ. ಫಾದರ್ ವಯಸ್ಸಾದವರು, ತಾಳ್ಮೆಯವರು. ಕ್ಷಮಿಸಲಿಕ್ಕೆ ಆಗದಿದ್ದರೆ ಕ್ಷಮಿಸುವ ಮನಸ್ಸನ್ನಾದರೂ ಕೊಡು ಅಂತ ಬೇಡಿಕೋ ಅಂದರು. ನನಗೆ ಆ ಮನಸ್ಸೂ ಬೇಡ ಫಾದರ್ ಅಂದೆ. ತಪ್ಪು ಮಾಡಿದವಳು ಆರಾಮವಾಗಿ ಪ್ರಸಾದ ತೆಗೆದುಕೊಳ್ಳುತ್ತಾಳೆ, ನಾನು ಬೆಂಚಿನಲ್ಲಿ ಕೂರಬೇಕು, ಇದು ಯಾವ ಊರಿನ ನ್ಯಾಯ ಅಂತಲೂ ಕೇಳಿದೆ. ಅವರು, ನಿನ್ನ ತಂಗಿಯ ಪಾಪ ಹೇಳಿದ್ದಾಯಿತು, ಈಗ ನಿನ್ನದು ಹೇಳು ಅಂದರು. ನನಗೆ ಏನೂ ನೆನಪಾಗಲಿಲ್ಲ. ಸಿಟ್ಟು ಬಂದು ಎದ್ದು ಬಂದೆ.

ಸೆಪ್ಟೆಂಬರಿನಲ್ಲಿ ನಮಗೆ ತೆನೆಹಬ್ಬ, ಮಾತೆ ಮರಿಯಮ್ಮನವರು ಹುಟ್ಟಿದ ದಿನ. ಮಂತ್ರಿಸಿದ ಭತ್ತದ ತೆನೆಯನ್ನು ಚರ್ಚಿನಲ್ಲಿ ಮನೆಗೊಂದರಂತೆ ಕೊಡುತ್ತಾರೆ. ನಮ್ಮ ಕಡೆ ಆ ಹೊತ್ತಿಗೆ ಗದ್ದೆಯಲ್ಲಿ ತೆನೆಯೇ ಬಂದಿರುವುದಿಲ್ಲ. ಹಾಗಾಗಿ ಪೇಟೆಯ ಆಚೆಯ ಗೌಡರೊಬ್ಬರು ಚರ್ಚಿಗೆಂದೇ ಗದ್ದೆಯ ಒಂದು ಮೂಲೆಯಲ್ಲಿ ಮೊದಲೇ ನಾಟಿ ಮಾಡಿ ಕೊಡುತ್ತಿದ್ದರು. ನಮ್ಮ ಹೊಸಕ್ಕಿಯ ಹೊಸ್ತಿಗಿಂತ ಮೊದಲು ನಿಮ್ಮ ಹೊಸ್ತು ಆಗಿಹೋಗುತ್ತದೆ ಮಾರಾಯ್ರೆ ಅಂತ ತಮಾಷೆ ಮಾಡುತ್ತಿದ್ದರು. ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಬೆಲ್ಲ ಹಾಕಿದ ಕಾಯಿಹಾಲಿಗೆ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡಬೇಕು. ಕಿರಿಯರು ಮೊಣಕಾಲೂರಿ ಆಶೀರ್ವಾದ ಕೇಳಿ ತೆಗೆದುಕೊಳ್ಳಬೇಕು. ದೂರ ಇದ್ದವರಿಗೆ ನಾಲ್ಕು ಕಾಳು ಕವರಿನಲ್ಲಿಟ್ಟು ಪೋಸ್ಟ್ ಮಾಡುವುದು ರೂಢಿ. ಅಮ್ಮ ಇರುವಷ್ಟು ದಿನ ಅದು ಅಮ್ಮನ ಕೆಲಸವಾಗಿತ್ತು. ಅವಳು ಹೋದ ವರ್ಷ ಸೂತಕ ಅಂತ ಹಬ್ಬ ಮಾಡಲಿಲ್ಲ. ಮರುವರ್ಷ ಆ ಕೆಲಸ ದೊಡ್ಡವಳಾದ ನನ್ನ ಪಾಲಿಗೆ ಬಂತು.

ಹಬ್ಬದ ಬೆಳಿಗ್ಗೆ ಮುಂಬೈಯ ತಮ್ಮನಿಗೆ ಒಂದು ಕವರು, ಮಂಗಳೂರಿನ ಚಿಕ್ಕಮ್ಮನಿಗೆ ಒಂದು ಕವರು ಮಾಡಿದೆ. ಕೊಪ್ಪದ ಕವರು ಎಲ್ಲಿ ಅಂತ ಗಂಡ ಕೇಳಿದರು. ಕೊಪ್ಪದಲ್ಲಿ ಚರ್ಚಿಲ್ಲವಾ, ಅಲ್ಲಿ ತೆನೆ ಕೊಡುವುದಿಲ್ಲವಾ ಅಂದೆ. ಅವರು ಎದುರುತ್ತರ ಕೊಡುವ ಜನ ಅಲ್ಲ. ಬಾಳೆಎಲೆ ಒರೆಸುತ್ತಾ, "ನಿನ್ನಮ್ಮ ಯಾರನ್ನೂ ಬಿಟ್ಟದ್ದು ನಾನು ನೋಡಿಲ್ಲ" ಅಂದರು, ಅಷ್ಟೇ. ಹಾಗಾದರೆ ನೀವೇ ಹಿರಿಯರಾಗಿ ಅಂತ ಕೈಯಲ್ಲಿದ್ದ ಕವರನ್ನು ಅವರ ಕಡೆಗೆ ಎಸೆದೆ. ಕಾಳು ನೆಲಕ್ಕೆ ಬಿತ್ತು. ಇಬ್ಬರೂ ಬಗ್ಗಿ ಹೆಕ್ಕಿದೆವು.

ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ತಂಗಿ ಬಂದಳು. ಒಬ್ಬಳೇ. ಕೊಪ್ಪದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳಂತೆ, ಸೀರೆ ಎಲ್ಲ ಮುದ್ದೆಯಾಗಿತ್ತು. ಗಂಡ ಇನ್ನೊಂದು ಎಲೆ ಹಾಕಿದರು. ನನ್ನ ಮಗಳು ಮೊದಲು ಮೊಣಕಾಲೂರಿದಳು, ಆಶೀರ್ವಾದ ಮಾಡಿ ಕಾಯಿಹಾಲು ಕೊಟ್ಟೆ. ಆಮೇಲೆ ತಂಗಿ ಬಂದು ನನ್ನ ಎದುರು ಮೊಣಕಾಲೂರಿ ಕೈ ಜೋಡಿಸಿದಳು. ಅವಳ ಬೈತಲೆಯಲ್ಲಿ ಅರ್ಧದಷ್ಟು ಕೂದಲು ಬೆಳ್ಳಗಾಗಿತ್ತು. ನಾನು ಕೈ ಎತ್ತಲಿಲ್ಲ. ಬೇಕೆಂದೇ ಎತ್ತಲಿಲ್ಲ. ಮಗಳು ನನ್ನ ಮುಖ ನೋಡುತ್ತಿದ್ದಳು.

ತಂಗಿ ತಲೆ ಬಗ್ಗಿಸಿಕೊಂಡೇ ಮಾತಾಡಿದಳು. "ಅವತ್ತು ನಾನು ಹೇಳಿದ್ದು ಸುಳ್ಳು ಅಕ್ಕ. ಅಮ್ಮ ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಎರಡು ವರ್ಷ ಅನ್ನ ಹಾಕಿದವಳು ನಾನು, ಮೈ ತೊಳೆದವಳು ನಾನು. ಅವಳು ದಿನಾ ಕೇಳಿದ್ದು ನಿನ್ನನ್ನು. ನೀನು ಬಂದರೆ ಅಮ್ಮ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ ಅಂತ ನಾನು ಫೋನ್ ಮಾಡಲಿಲ್ಲ."

ಹದಿನೈದು ತಿಂಗಳಿಂದ ನಾನು ಕಾದದ್ದು ಈ ಮಾತಿಗೇ. ಅವಳು ಒಪ್ಪಿಕೊಂಡ ದಿನ ಏನೇನು ಹೇಳಬೇಕು ಅಂತ ಮೆಶಿನ್ ತುಳಿಯುತ್ತಾ ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೇನೋ. ಆದರೆ ಅವಳ ಅಷ್ಟೂ ಮಾತಿನಲ್ಲಿ ನನಗೆ ತಾಗಿದ್ದು ದಿನಾ ಕೇಳಿದ್ದು ಎಂಬುದೊಂದೇ. ಮೂರು ದಿನ ಅಲ್ಲ, ಎರಡು ವರ್ಷ. ಎನ್.ಆರ್.ಪುರದಿಂದ ಕೊಪ್ಪಕ್ಕೆ ಒಂದು ಗಂಟೆಯ ದಾರಿ, ಬಸ್ಸು ನನ್ನ ಅಂಗಡಿ ಎದುರೇ ನಿಲ್ಲುತ್ತಿತ್ತು. ಅಮ್ಮ ಹೋಗುವ ಮೊದಲಿನ ಕ್ರಿಸ್‌ಮಸ್ಸಿಗೆ ಹೋಗಿ ಬಂದವಳು ಆಮೇಲೆ ನಾನು ಹೋಗಿಯೇ ಇರಲಿಲ್ಲ. ಫೋನಿನಲ್ಲಿ ಅಮ್ಮ ಯಾವಾಗ ಬರುತ್ತೀ ಅಂದಾಗೆಲ್ಲ ಬತ್ತೆ ಅಮ್ಮ, ಬತ್ತೆ ಅನ್ನುತ್ತಿದ್ದೆ. ತಂಗಿ ಕರೆಯದೇ ಇದ್ದದ್ದು ಮೂರು ದಿನ. ಅಮ್ಮ ಕರೆದರೂ ನಾನು ಹೋಗದೇ ಇದ್ದದ್ದು ಐದು ತಿಂಗಳು. ಇದನ್ನು ಮುಚ್ಚಲಿಕ್ಕೆ ನನಗೆ ಅಷ್ಟು ಸಿಟ್ಟು ಬೇಕಾಗಿತ್ತು.

ಕೈ ಎತ್ತಿ ಅವಳ ತಲೆ ಮೇಲಿಟ್ಟೆ. ಆಶೀರ್ವಾದದ ಮಾತು ನೆನಪಾಗಲಿಲ್ಲ. ಅದರ ಬದಲು, "ನನ್ನನ್ನು ಯಾರೂ ಕರೆಯಬೇಕಾಗಿರಲಿಲ್ಲ. ನಾನೇ ಬರಬೇಕಿತ್ತು" ಅಂದೆ.

ತಂಗಿ ಮುಖ ಎತ್ತಿ ನನ್ನನ್ನು ನೋಡಿದಳು. ಅಲ್ಲ ಅಕ್ಕ, ಹಾಗೇನಿಲ್ಲ ಅಂತ ಅವಳು ಹೇಳಬಹುದಿತ್ತು. ಹೇಳಲಿಲ್ಲ. "ಹೌದು, ಬರಬೇಕಿತ್ತು" ಅಂದಳು.