ಸೀಟು ಸರಿಸದ ಕೀಲಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಿಂದ ಕಪ್ಪು ಕಾರೊಂದು ಬೆಕ್ಕಿನ ಹಾಗೆ ಸದ್ದಿಲ್ಲದೆ ಮೇಲೇರಿ ಬಂದು ಗಾಜಿನ ಬಾಗಿಲಿನೆದುರು ನಿಲ್ಲುತ್ತದೆ. ವಿಮಾನ ಹಿಡಿಯುವ ಅವಸರದಲ್ಲಿರುವ ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಕೈ ಚಾಚುತ್ತಾರೆ. ಅಂಗೈ ಮೇಲೆ ಕೀ ಬಂದು ಕೂರುತ್ತದೆ. ಅದನ್ನು ಇಟ್ಟ ಕೈ ಯಾರದೆಂದು ಆಮೇಲೆ ಕೇಳಿ ನೋಡಿ, ಮರದಿಂದ ಹಣ್ಣು ಉದುರಿದ ಹಾಗೆ ತಾನೇ ಬಂತು ಎಂದಾರು.

ಆ ಕೈ ಒಬ್ಬ ಹೆಂಗಸಿನದು. ಹೋಟೆಲಿಗೆ ಬಂದವರ ಕಾರನ್ನು ಬಾಗಿಲಲ್ಲಿ ಇಸಿದುಕೊಂಡು ನೆಲಮಾಳಿಗೆಯಲ್ಲಿ ನಿಲ್ಲಿಸುವುದು, ಅವರು ಹೊರಡುವಾಗ ಮತ್ತೆ ಮೇಲೆ ತಂದು ಒಪ್ಪಿಸುವುದು ಅವರ ಕೆಲಸ. ಒಂಬತ್ತು ವರ್ಷಗಳಿಂದ ಇದೇ ಇಳಿಜಾರು, ಇದೇ ಕಂಬಗಳು, ಇದೇ ಟಯರಿನ ವಾಸನೆ. ಕೀಗಳನ್ನು ತೂಗುಹಾಕುವ ಕಪಾಟಿನ ಉಸ್ತುವಾರಿಯೂ ಅವರದೇ ಆದ್ದರಿಂದ ಜೊತೆಯವರ ಬಾಯಲ್ಲಿ ಅವರು ಕೀಲಿಯಕ್ಕ. ಹೋಟೆಲಿನ ಮಾಲೀಕರ ಬಾಯಲ್ಲಿ ಅವರಿಗೆ ಹೆಸರೇ ಇಲ್ಲ. "ಯಾರಾದ್ರೂ ಗಾಡಿ ತನ್ನಿ" ಎನ್ನುವಾಗಿನ ಆ "ಯಾರಾದ್ರೂ" ಇವರೇ.

ಕೀಲಿಯಕ್ಕ ಕಾರು ಓಡಿಸುವುದನ್ನು ಪಕ್ಕದಿಂದ ನೋಡಬೇಕು. ಸೀಟಿನ ತುದಿಗೆ ಹಕ್ಕಿ ಕೂತ ಹಾಗೆ ಕೂತಿರುತ್ತಾರೆ. ಬೆನ್ನು ಗಾಳಿಯಲ್ಲಿ, ಕಾಲ ಬೆರಳ ತುದಿ ಕ್ಲಚ್ಚಿನ ಮೇಲೆ. ಆಳು ಗಿಡ್ಡ, ಕಾರುಗಳ ಒಡೆಯರೆಲ್ಲ ದೇವರು ಎಳೆದು ಉದ್ದ ಮಾಡಿದವರು. ಸೀಟು ಒಂದಿಷ್ಟು ಮುಂದೆ ಎಳೆದುಕೊಳ್ಳಬಾರದೇ ಎಂದರೆ ನಗುತ್ತಾರೆ.

"ಎಳ್ಕೊಂಡ್ರೆ ಬೆನ್ನಿಗೆ ಸುಖ, ಹೊಟ್ಟೆಗೆ ಕಷ್ಟ. ಇಲ್ಲಿ ಕಟ್ಟಾಜ್ಞೆ ಇದೆಯಲ್ಲ. ಸೀಟು ಸರಿಸಬಾರದು, ಕನ್ನಡಿ ತಿರುಗಿಸಬಾರದು, ರೇಡಿಯೊ ಮುಟ್ಟಬಾರದು. ಅವರ ಕನ್ನಡಿಲಿ ನನಗೆ ಕಾಣೋದು ನೆಲಮಾಳಿಗೆಯ ಸೂರು. ಅದಕ್ಕೇ ಕತ್ತು ಹೊರಳಿಸಿ ಹೊರಳಿಸಿ ಗೂಬೆ ಆಗೋಗಿದೀನಿ."

ಈ ಆಜ್ಞೆಗೂ ಒಂದು ಚರಿತ್ರೆಯಿದೆ. ಹಿಂದೊಮ್ಮೆ ಯಾವನೋ ಮಹಾನುಭಾವ ತನ್ನ ಸೀಟು ಒಂದು ಹಲ್ಲು ಮುಂದೆ ಬಂದಿದೆಯೆಂದು ಬಾಗಿಲಲ್ಲೇ ರಂಪ ಮಾಡಿದ. ಅಂದೇ ಸಂಜೆ ಒಬ್ಬ ನೌಕರನನ್ನು ಮನೆಗೆ ಕಳಿಸಲಾಯಿತು. ಅವನಿಗೆ ಮನೆಯಲ್ಲಿ ಎಷ್ಟು ಬಾಯಿಗಳಿದ್ದವೆಂದು ಯಾರೂ ಕೇಳಲಿಲ್ಲ. ಒಬ್ಬರ ಮೊಣಕಾಲಿಗೆ ಒಂದು ಅಂಗುಲದ ಅಡಚಣೆಯಾದರೆ ಇನ್ನೊಬ್ಬರ ಅನ್ನ ಹೋಗಬಹುದು. ಆದರೆ ಅದೇ ಅಂಗುಲಕ್ಕಾಗಿ ಒಂಬತ್ತು ವರ್ಷ ಒಬ್ಬರ ಸೊಂಟ ಹಿಡಿದುಕೊಂಡರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕೀಲಿಯಕ್ಕನಿಗೆ ಡ್ರೈವಿಂಗ್ ಕಲಿಸಿದ್ದು ಶಾಲೆಯ ವ್ಯಾನು ಓಡಿಸುತ್ತಿದ್ದ ಚಿಕ್ಕಮ್ಮ. ಮಕ್ಕಳನ್ನು ಇಳಿಸಿದ ಮೇಲೆ ಖಾಲಿ ಮೈದಾನದಲ್ಲಿ, "ಬ್ರೇಕಿಗೆ ನಾಚಿಕೆ ಪಡಬೇಡ, ಹಾರ್ನಿಗೆ ಪಡು" ಎಂದು ಬೈಯುತ್ತ ಕಲಿಸಿದರಂತೆ. ಹೋಟೆಲಿಗೆ ಕೆಲಸ ಕೇಳಿಕೊಂಡು ಬಂದ ದಿನ ಕಾವಲುಗಾರ ತಲೆಯೆತ್ತದೆ, "ಹಾಸಿಗೆ ಹಾಸೋರು ಆ ಬಾಗಿಲಿಗೆ ಹೋಗಿ" ಎಂದಿದ್ದ. ಅಂದು ಕಾರು ನಿಲ್ಲಿಸುವ ಇಬ್ಬರು ಕೈಕೊಟ್ಟಿದ್ದರಿಂದ ಮಾತ್ರ ಇವರ ಕೈಗೆ ಕೀ ಬಂತು.

ಊರಿನ ಭಾರಿ ಕಾರುಗಳೆಲ್ಲ ಅವರ ಕೈಯಲ್ಲಿ ಹಾದುಹೋಗಿವೆ. ಸ್ಪೋರ್ಟ್ಸ್ ಕಾರುಗಳೆಂದರೆ ಪ್ರಾಣ. "ಇಂಜಿನ್ ಹಾಕಿದ ಕೂಡಲೇ ಬೆನ್ನಲ್ಲಿ ಗೊತ್ತಾಗುತ್ತೆ, ಇದು ಓಡೋ ಜಾತಿ ಅಂತ. ಆದರೇನು, ಬಾಗಿಲಿಂದ ಇಳಿಜಾರು, ಇಳಿಜಾರಿಂದ ಕಂಬ. ಅಷ್ಟರಲ್ಲಿ ಮುಗಿದೋಗುತ್ತೆ. ಕೆಲಸಕ್ಕೆ ಸೇರಿದ ಮೇಲೆ ಮೂರನೇ ಗೇರು ಅನ್ನೋದನ್ನ ನಾನು ಕಂಡೇ ಇಲ್ಲ." ಮಿಠಾಯಿ ಅಂಗಡಿಯಲ್ಲಿ ಬಾಯಿಗೆ ಬಟ್ಟೆ ಕಟ್ಟಿ ಕೂರಿಸಿದ ಹಾಗೆ.

ಮೂರನೇ ಗೇರು ಹಾಕಿ ಓಡಿಸಲು ಒಂದು ಕಾರು ತನ್ನದಾಗಬೇಕು, ಹಳೆಯದಾದರೂ ಸರಿ, ಎರಡು ಬಾಗಿಲಿನದು, ನೆಲಕ್ಕೆ ಅಂಟಿಕೊಂಡು ಓಡುವಂಥದು. ಈ ಆಸೆಗೆಂದು ಮದುವೆಗೆ ಮುಂಚಿನಿಂದಲೂ ದುಡ್ಡು ಕೂಡಿಡುತ್ತ ಬಂದಿದ್ದರು. ಅಷ್ಟರಲ್ಲಿ ಮಗಳು ಹುಟ್ಟಿದಳು. ಆಗ ನೋಡಿ, ಊರಿಗೆ ಊರೇ ಬುದ್ಧಿ ಹೇಳಲು ಸಾಲುಗಟ್ಟಿತು.

ಮೊದಲನೆಯವರು ಹೋಟೆಲಿನ ಸೂಪರ್‌ವೈಸರ್. ಹೆರಿಗೆ ರಜೆ ಮುಗಿಸಿ ಬಂದ ದಿನವೇ ಸ್ಪೋರ್ಟ್ಸ್ ಕಾರುಗಳ ಕೀಗಳನ್ನು ಇವರಿಂದ ತೆಗೆದು ಬೇರೆಯವರಿಗೆ ಕೊಟ್ಟರು. "ಈಗ ನೀವು ತಾಯಿ. ನಿದ್ದೆಗೆಟ್ಟ ಕೈ ನಡುಗಿದ್ರೆ? ಕುಟುಂಬದ ಗಾಡಿಗಳನ್ನ ನೋಡ್ಕೊಳ್ಳಿ, ಸಾಕು." ಅದೇ ತಿಂಗಳು ತಂದೆಯಾಗಿದ್ದ, ಕೂತಲ್ಲೇ ತೂಕಡಿಸುತ್ತಿದ್ದ ಇನ್ನೊಬ್ಬ ನೌಕರನ ಕೈ ನಡುಗುವ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಅವನು ಆ ವಾರವೇ ಬಿಳಿ ಕಾರೊಂದನ್ನು ಕಂಬಕ್ಕೆ ಉಜ್ಜಿದ. "ಹುಡುಗ, ಕಲೀತಾನೆ" ಎಂದರಂತೆ.

"ನಾನು ಹೆತ್ತಿದ್ದು ಮಗೂನ. ಜೊತೆಗೆ ಕೈಕಾಲೂ ಬಿಚ್ಚಿ ಆಸ್ಪತ್ರೇಲಿ ಕೊಟ್ಟು ಬಂದೆ ಅಂದ್ಕೊಂಡಿದಾರೆ" ಎನ್ನುವಾಗ ಕೀಲಿಯಕ್ಕನ ದನಿ ಏರುತ್ತದೆ.

ಮನೆಯಲ್ಲಿರುವುದು ಗಂಡ, ಅತ್ತೆ, ಹಲ್ಲು ಬರುತ್ತಿರುವ ಮಗಳು. ಗಂಡ ದರ್ಜಿ. ಏಣಿಯಂಥ ಆಸಾಮಿ, ಕತ್ತಿನಲ್ಲಿ ಸದಾ ಅಳತೆ ಟೇಪು. ಕಾರು ಓಡಿಸಲು ಬರುವುದಿಲ್ಲ; ಹಿಂದಿನ ಸೀಟಿನಲ್ಲಿ ಕೂತರೆ ಎರಡನೇ ತಿರುವಿಗೇ ವಾಂತಿ. ಅತ್ತೆ ಗುಬ್ಬಿಯಂಥ ಜೀವ, ನಾಲಿಗೆ ಮಾತ್ರ ಹದ್ದು.

ಈ ನಾಲ್ಕು ಜನಕ್ಕೆ ನಾಲ್ಕು ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಹುಡುಕಿಕೊಂಡು ಹೊರಟಾಗ ತಿಳಿದದ್ದೇನೆಂದರೆ, ನಾಲ್ಕು ಸೀಟು ಎಂದು ಜಾಹೀರಾತಿನಲ್ಲಿ ಬರೆಯುವವರು ಹಿಂದಿನ ಎರಡರಲ್ಲಿ ಒಮ್ಮೆಯೂ ಕೂತವರಲ್ಲ. ಮೊದಲು ನೋಡಿದ ಕಾರಿನ ಹಿಂಬದಿ ಸೀಟಿನಲ್ಲಿ ಕೂರಬೇಕಾದರೆ ಕಾಲನ್ನು ಮನೆಯಲ್ಲಿ ಬಿಟ್ಟು ಬರಬೇಕಿತ್ತು. ಎರಡನೆಯದರ ಮಡಚುವ ಛಾವಣಿ ಸೋರುತ್ತಿತ್ತು. "ಮಗೂಗೆ ಸ್ನಾನ ಇದರಲ್ಲೇ ಮಾಡಿಸಬಹುದು" ಎಂದರು ಅತ್ತೆ.

ಮೂರನೆಯದು ನೀಲಿ. ಬಣ್ಣ ಅಲ್ಲಲ್ಲಿ ಮಂಕಾಗಿತ್ತು, ಆದರೆ ಬಾಗಿಲು ಹಾಕಿದರೆ ಒಳ್ಳೆಯ ಪೆಟ್ಟಿಗೆ ಮುಚ್ಚಿದ ಸದ್ದು. ಹಿಂದೆ ಎರಡು ನಿಜವಾದ ಸೀಟು, ಗಟ್ಟಿಯಾದ ಬೆಲ್ಟು. ಕೀಲಿಯಕ್ಕ ಬಗ್ಗಿ ಟಯರು ನೋಡಿದರು, ಇಂಜಿನ್ನಿಗೆ ಕಿವಿಗೊಟ್ಟರು. ಬೆಲೆಯೂ ಕೈಗೆಟುಕುವಂತಿತ್ತು. ಹಳೇ ಕಾರುಗಳ ಆ ಅಂಗಳದ ವ್ಯಾಪಾರಿ ಮಾತ್ರ ಮಾತೆಲ್ಲವನ್ನೂ ದರ್ಜಿಯ ಜೊತೆಗೇ ಆಡುತ್ತಿದ್ದ.

"ಸಾರ್, ಒಂದು ಸುತ್ತು ಹಾಕ್ಕೊಂಡು ಬನ್ನಿ" ಎಂದು ಕೀಯನ್ನು ದರ್ಜಿಯ ಕೈಗಿಟ್ಟ.

"ನಾನು ಸೈಕಲ್ಲೂ ಓಡಿಸಲ್ಲ ಸ್ವಾಮಿ. ಓಡಿಸೋದು ಇವಳು" ಎಂದು ಅವರು ಅದನ್ನು ಹೆಂಡತಿಗೆ ದಾಟಿಸಿದರು.

ವ್ಯಾಪಾರಿ ನಕ್ಕ. ಆಮೇಲೆ, ಅದು ಹಾಸ್ಯವಲ್ಲವೆಂದು ಗೊತ್ತಾಗಿ, ತಾನೂ ಪಕ್ಕದಲ್ಲಿ ಕೂತು ಬೆಲ್ಟು ಎರಡು ಸಲ ಎಳೆದು ನೋಡಿಕೊಂಡ. "ಕ್ಲಚ್ ಸ್ವಲ್ಪ ಬಿಗಿ ಇದೆ ಮೇಡಂ, ಭಯ ಪಡಬೇಡಿ."

ಕೀಲಿಯಕ್ಕ ಸೀಟಿನ ತುದಿಗೆ ಕೂತರು. ಹಕ್ಕಿಯ ಹಾಗೆ. ಆ ಬೀದಿ ಈ ಬೀದಿ ಸುತ್ತಿ, ಎರಡನೇ ಗೇರಿನಲ್ಲೇ ವಾಪಸು ಬಂದರು. "ಮೂರನೇದು ಹಾಕಿ ಮೇಡಂ, ಇಂಜಿನ್ ಅಳ್ತಾ ಇದೆ" ಎಂದು ವ್ಯಾಪಾರಿ ದಾರಿಯುದ್ದಕ್ಕೂ ಹೇಳಿದ್ದು ಕಿವಿಗೆ ಬಿದ್ದರೂ ಕೈಗೆ ಇಳಿಯಲಿಲ್ಲ. ಅಂಗಳದಲ್ಲಿ ಎರಡು ಕಾರುಗಳ ನಡುವಿನ ಸಂದಿಗೆ ಅದನ್ನು ಹಿಮ್ಮುಖವಾಗಿ ಸೇರಿಸಿ, ಇಳಿದು, ಸುತ್ತಿ ಬಂದು ವ್ಯಾಪಾರಿಯ ಕಡೆಯ ಬಾಗಿಲು ತೆರೆದು ಹಿಡಿದು, ಬಲಗೈಯಲ್ಲಿ ಕೀ ಚಾಚಿ, "ಥ್ಯಾಂಕ್ಯೂ ಸಾರ್" ಎಂದು ನಿಂತರು. ಆತನ ಕೈ ತಾನಾಗಿ ಜೇಬಿಗೆ ಹೋಗಿ ಚಿಲ್ಲರೆ ಹುಡುಕತೊಡಗಿತು.

"ಅವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೇ ಬಂತು. ನನ್ನ ದುಡ್ಡಲ್ಲಿ ನಾನು ಕಾರು ಕೊಳ್ಳೋಕೆ ಹೋಗಿ ಬಾಗಿಲು ಹಿಡಿದು ನಿಂತಿದ್ದೆ!"

ಆಮೇಲೆ ಮಗುವಿನ ಸೀಟಿನ ಪರೀಕ್ಷೆ. ಎಳೆಯ ಕತ್ತಿಗೆ ಪೆಟ್ಟಾಗದಂತೆ ಮಗುವನ್ನು ಹಿಮ್ಮುಖವಾಗಿ ಕೂರಿಸುವ, ಬುಟ್ಟಿಯಂಥ ದೊಡ್ಡ ಸೀಟು ಅದು. ಮುಂದೆ ಡ್ರೈವರ್ ಪಕ್ಕ ದರ್ಜಿ ಕೂರಬೇಕು, ಇಲ್ಲದಿದ್ದರೆ ವಾಂತಿ. ಅವರ ಬೆನ್ನ ಹಿಂದೆ ಹೇಗೋ ಅತ್ತೆ ತೂರಿಕೊಳ್ಳುತ್ತಾರೆ. ಮಗುವಿಗೆ ಉಳಿಯುವುದು ಡ್ರೈವರ್ ಹಿಂದಿನ ಜಾಗ ಮಾತ್ರ. ಬುಟ್ಟಿ ಅಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ದರ್ಜಿ ಟೇಪು ಹಿಡಿದು ಸಂದಿಯನ್ನು ಅಳೆದರು, ಬುಟ್ಟಿಯನ್ನು ಅಳೆದರು, ತಲೆಯಾಡಿಸಿದರು. "ಒಂದು ಗೇಣು ಕಮ್ಮಿ ಕಣೇ."

"ಮುಂದೆ ಹುಲಿ, ಹಿಂದೆ ಇಲಿ ಬಿಲ" ಎಂದರು ಅತ್ತೆ.

ವ್ಯಾಪಾರಿಗೆ ಇದೇ ಬೇಕಿತ್ತು. "ಅದಕ್ಕೇ ಹೇಳೋದು ಸಾರ್. ಮಗು ಆದ ಮೇಲೆ ಇವೆಲ್ಲ ಆಗಲ್ಲ. ಈ ಕಡೆ ಬನ್ನಿ, ಒಳ್ಳೇ ಫ್ಯಾಮಿಲಿ ಕಾರಿದೆ" ಎಂದು ಬ್ರೆಡ್ಡಿನ ತುಂಡಿನಂಥ ಬಿಳಿ ಕಾರಿನತ್ತ ನಡೆಸಿದ. ನೀಲಿ ಕಾರಿಗೆ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಬೇರೆ ಗಿರಾಕಿ ಬರುವವರಿದ್ದಾರೆಂದೂ ಸೇರಿಸಿದ. ಕೀಲಿಯಕ್ಕ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದರು. ಜಗತ್ತೆಲ್ಲ ಸೇರಿ ಹೇಳಿದ್ದನ್ನು ಕೊನೆಗೆ ಟೇಪೂ ಹೇಳಿಬಿಟ್ಟಿತ್ತು: ತಾಯಿಯಾದೆ, ಇನ್ನು ಸಾಕು.

ಮರುದಿನ ವಾರದ ರಜೆ. ದರ್ಜಿ ಹೆಂಡತಿಯ ಹೊಸ ಸಮವಸ್ತ್ರದ ಪ್ಯಾಂಟು ಮೊಟಕು ಮಾಡಲು ಕೂತಿದ್ದರು. ಹೋಟೆಲು ಸಮವಸ್ತ್ರ ಹೊಲಿಸುವುದು ಗಂಡಸರ ಅಳತೆಗೆ ಮಾತ್ರ. ಪ್ರತಿ ಸಲವೂ ಕಾಲಿನ ಬಳಿ ಅಷ್ಟುದ್ದ ಕತ್ತರಿಸಿ ಮಡಚಿ ಹೊಲಿಯಬೇಕು. ಕತ್ತರಿಸಿದ ತುಂಡನ್ನು ಅವರು ತೊಡೆಯ ಮೇಲೆ ಬಿಡಿಸಿದರು. ಟೇಪಿನಲ್ಲಿ ಅದನ್ನು ಅಳೆದರು. ಸರಿಯಾಗಿ ಒಂದು ಗೇಣು.

"ಅಲ್ಲ ಕಣೇ, ನಿನ್ನೆ ಆ ಡ್ರೈವರ್ ಸೀಟು ಯಾರ ಕಾಲಿಗೆ ಇತ್ತು?"

"ಯಾರ ಕಾಲಿಗೆ ಅಂದ್ರೆ? ಆ ಉದ್ದನೆ ವ್ಯಾಪಾರೀದಿರಬೇಕು. ಯಾಕ್ರೀ?"

"ನೀನು ಅದನ್ನ ಮುಂದಕ್ಕೆ ಎಳೆದ್ಯಾ?"

ಕೀಲಿಯಕ್ಕ ಮಗುವಿಗೆ ಅನ್ನ ಕಲಸುತ್ತಿದ್ದವರು ಬಟ್ಟಲು ಕೆಳಗಿಟ್ಟರು. ಎಳೆದಿರಲಿಲ್ಲ. ಎಳೆಯಬಹುದೆಂದೂ ಹೊಳೆದಿರಲಿಲ್ಲ. ಒಂಬತ್ತು ವರ್ಷದಲ್ಲಿ ಕೈ ಎಷ್ಟು ಪಳಗಿಹೋಗಿತ್ತೆಂದರೆ, ಕೊಳ್ಳಬೇಕೆಂದಿದ್ದ ಕಾರಿನಲ್ಲೂ ಅವರು ಇನ್ನೊಬ್ಬರ ಕಾರಿನಲ್ಲಿ ಕೂತ ಹಾಗೇ ಕೂತಿದ್ದರು. ಓಡಿಸುವವರು ಇವರೇ ಎಂದು ಗೊತ್ತಿದ್ದೂ ಆ ಸೀಟಿನ ಕೆಳಗೆ ಕೈ ಹಾಕಬೇಕೆಂದು ಅಲ್ಲಿದ್ದ ಒಬ್ಬರಿಗೂ ತೋಚಿರಲಿಲ್ಲ.

ಹನ್ನೊಂದಕ್ಕೆ ಮುಂಚೆ ಅಂಗಳ ಮುಟ್ಟಲು ಮೂವರೂ ಮಗುವನ್ನೂ ಬುಟ್ಟಿಯನ್ನೂ ಹೊತ್ತು ಬಸ್ಸಿಗೆ ಓಡಿದರು. ದರ್ಜಿಗೆ ದಾರಿಯಲ್ಲಿ ಆಗಬೇಕಾದ್ದು ಆಯಿತು. ವ್ಯಾಪಾರಿ, "ಮತ್ತೆ ಬಂದ್ರಾ?" ಎಂದ. ಕೀಲಿಯಕ್ಕ ನೀಲಿ ಕಾರಿನ ಬಾಗಿಲು ತೆಗೆದರು. ಡ್ರೈವರ್ ಸೀಟಿನಲ್ಲಿ ಕೂತು ಕೆಳಗೆ ಕೈ ಹಾಕಿದರು. ಹಿಡಿ ಎಲ್ಲಿದೆಯೆಂದೇ ತಿಳಿಯದು. ತಡಕಾಡಿ ಹಿಡಿದು ಎಳೆದರು. ಕಟಕಟ ಕಟಕಟ ಎಂದು ಸೀಟು ಮುಂದೆ ಬಂತು. ಪಾದ ಪೂರ್ತಿ ಪೆಡಲಿನ ಮೇಲೆ ಕೂತಿತು. ಬೆನ್ನು ಮೆಲ್ಲಗೆ ಹಿಂದಕ್ಕೆ ಒರಗಿತು.

ಹಿಂದೆ ಬುಟ್ಟಿ ಸಲೀಸಾಗಿ ಇಳಿಯಿತು. ದರ್ಜಿ ಬೆರಳು ತೂರಿಸಿ, ಹೊಲಿಗೆಯ ಅಂಚು ನೋಡುವ ಹಾಗೆ ನೋಡಿ, "ಗಾಳಿ ಆಡೋಕೂ ಜಾಗ ಇದೆ" ಎಂದರು. ಹನ್ನೊಂದರ ಗಿರಾಕಿ ಬರುವಷ್ಟರಲ್ಲಿ ನೀಲಿ ಕಾರು ಕೀಲಿಯಕ್ಕನದಾಗಿತ್ತು; ವ್ಯಾಪಾರಿ ಅವರನ್ನು ಬ್ರೆಡ್ಡಿನ ತುಂಡಿನತ್ತ ನಡೆಸಿದ.

ಊರಾಚೆಯ ರಸ್ತೆಯಲ್ಲಿ ಮೂರನೇ ಗೇರು ಬಿದ್ದಿತು. ಕೀಲಿಯಕ್ಕ ಕನ್ನಡಿ ತಿರುಗಿಸಿಕೊಂಡಿದ್ದರು, ಸೂರು ಕಾಣಲಿಲ್ಲ. ಅತ್ತೆಯ ಮುಖ ಕಂಡಿತು. "ಅತ್ತೆ, ಭಯ ಆಗ್ತಿದ್ಯಾ?" ಎಂದರೆ, "ಭಯ ಯಾಕೆ? ಇನ್ನೊಂದು ಗೇರಿಲ್ವೇನೇ ಇದಕ್ಕೆ?" ಎಂಬ ಉತ್ತರ ಬಂತು. ಮಗಳು ನಿದ್ದೆ ಹೋಗಿದ್ದಳು.

ಇಷ್ಟಾದ ಮೇಲೂ ಹೋಟೆಲಿನಲ್ಲಿ ಏನೂ ಬದಲಾಗಿಲ್ಲ. ಕಾರು ನಿಲ್ಲಿಸುವ ಈ ನೌಕರರು ತಮ್ಮ ವಾಹನವನ್ನು ಆ ನೆಲಮಾಳಿಗೆಯಲ್ಲಿ ನಿಲ್ಲಿಸುವಂತಿಲ್ಲ. ಕೀಲಿಯಕ್ಕ ನೀಲಿ ಕಾರನ್ನು ಎರಡು ಬೀದಿ ಆಚೆ ಬಿಟ್ಟು ನಡೆದು ಬರುತ್ತಾರೆ. ಬಂದು ಮತ್ತೆ ಸೀಟಿನ ತುದಿಗೆ ಕೂರುತ್ತಾರೆ. ಸ್ಪೋರ್ಟ್ಸ್ ಕಾರಿನ ಕೀ ಈಗಲೂ ಅವರಿಗಿಲ್ಲ. ನಗುಮುಖದ ಆ ಹೋಟೆಲಿಗೆ ಇದು ಅನ್ಯಾಯವೆಂದೇ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಯಾರಾದರೂ ಒಮ್ಮೆ ಕೀ ಕೊಟ್ಟ ಕೈಯತ್ತ ತಿರುಗಿ ನೋಡಬೇಕು.

ಮೊನ್ನೆ ಪಾಳಿ ಮುಗಿದ ಮೇಲೆ ಸೂಪರ್‌ವೈಸರ್ ಆ ಬೀದಿಯವರೆಗೂ ನಡೆದು ಹೋಗಿ ನೀಲಿ ಕಾರನ್ನು ಸುತ್ತಿ ಬಂದು ಹಲ್ಲು ಕಿರಿದರಂತೆ. "ಒಂದು ರೌಂಡ್ ಕೊಡಿ ನೋಡೋಣ."

"ಧಾರಾಳವಾಗಿ ಸಾರ್" ಎಂದು ಕೀ ಚಾಚಿದರು ಕೀಲಿಯಕ್ಕ. "ಸೀಟು ಮಾತ್ರ ಸರಿಸಬಾರದು."

ಆರಡಿಯ ಮನುಷ್ಯ ಮೊಣಕಾಲನ್ನು ಗದ್ದಕ್ಕೆ ತಂದುಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಮಾಡಿ, ಸ್ಟೀರಿಂಗಿಗೆ ಹೊಟ್ಟೆ ಸಿಕ್ಕಿಸಿಕೊಂಡು, ಕೊನೆಗೆ ಇಳಿದರು. "ಇದರಲ್ಲಿ ಮನುಷ್ಯರು ಹೇಗ್ರೀ ಓಡಿಸ್ತಾರೆ?"

"ಒಂಬತ್ತು ವರ್ಷದಲ್ಲಿ ಅಭ್ಯಾಸ ಆಗುತ್ತೆ ಸಾರ್" ಎಂದರು ಕೀಲಿಯಕ್ಕ.

ಆ ಸೀಟು ಮತ್ತೆ ಕದಲಿಲ್ಲ. ಯಾರಿಗೂ ಕದಲಿಸಲು ಬಿಡುವುದಿಲ್ಲವೇ ಎಂದರೆ, ಹಿಂದಿನ ಬುಟ್ಟಿಯಲ್ಲಿ ಬೆಲ್ಟು ಕಚ್ಚುತ್ತ ಕೂತಿರುವ ಮಗಳತ್ತ ಗದ್ದ ತಿರುವುತ್ತಾರೆ.

"ಒಬ್ಬಳಿದಾಳಲ್ಲ, ಅವಳು ಯಾರನ್ನೂ ಕೇಳಬೇಕಾಗಿಲ್ಲ. ಕಾಲು ಎಟುಕಿದ ದಿನ ಬಂದು ಕೂತ್ಕೊಳ್ಲಿ. ತನಗೆ ಬೇಕಾದ ಕಡೆ ಎಳ್ಕೊಳ್ಲಿ."